ಎ-ಲೆವೆಲ್, ಅಮೆರಿಕದ ಡಿಪ್ಲೊಮಾ, ನಮ್ಮ ಪಿಯುಸಿ: ಯಾವ ಅರ್ಹತೆ ಎಲ್ಲಿಗೆ ಸಲ್ಲುತ್ತದೆ?

ಶಿರವಾಡ (ಕಾರವಾರ): ಕೊಂಕಣ ರೈಲ್ವೆಯ ಕಾರವಾರ ನಿಲ್ದಾಣ ಇರುವುದು ನಗರದ ಹೊರವಲಯದ ಶಿರವಾಡದಲ್ಲಿ. ರಜೆಯ ದಿನಗಳಲ್ಲಿ ಮುಂಬೈ, ಗೋವಾ ಕಡೆಯಿಂದ ಬರುವ ರೈಲುಗಳಿಂದ ಇಲ್ಲಿ ಇಳಿಯುವವರಲ್ಲಿ ಪರದೇಶದಲ್ಲಿ ನೆಲೆಸಿ ಊರಿಗೆ ಬರುವ ಕುಟುಂಬಗಳೂ ಇರುತ್ತವೆ. ಮನೆ ತಲುಪಿದ ಮೇಲೆ ಹಿರಿಯರು ಮಕ್ಕಳಿಗೆ ಕೇಳುವ ಮೊದಲ ಪ್ರಶ್ನೆ ಮಾತ್ರ ಬದಲಾಗಿಲ್ಲ: 'ಎಷ್ಟು ಪರ್ಸೆಂಟ್ ಬಂತು?'

ಉದಾಹರಣೆಗಾಗಿ ಇಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ಮೊಮ್ಮಗಳು ಕಾರವಾರದಲ್ಲಿಯೇ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ದುಬೈನಲ್ಲಿ ಬೆಳೆದ ಮೊಮ್ಮಗ ಬ್ರಿಟಿಷ್ ಪಠ್ಯಕ್ರಮದ ಶಾಲೆಯಲ್ಲಿ ಎ-ಲೆವೆಲ್ ವಿದ್ಯಾರ್ಥಿ. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮತ್ತೊಬ್ಬ ಮೊಮ್ಮಗಳು ಅಲ್ಲಿನ ಹೈಸ್ಕೂಲಿನ ಹನ್ನೊಂದನೇ ತರಗತಿಯಲ್ಲಿದ್ದಾಳೆ. ಮೂವರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆದರೆ ಅಜ್ಜನ ಪ್ರಶ್ನೆಗೆ ಶೇಕಡಾ ಲೆಕ್ಕದಲ್ಲಿ ಉತ್ತರಿಸಬಲ್ಲವಳು ಮೊದಲನೆಯವಳು ಮಾತ್ರ. ಎರಡನೆಯವನ ಉತ್ತರ 'ಎ, ಎ, ಬಿ ಬರಬಹುದೆಂದು ಶಾಲೆ ಅಂದಾಜಿಸಿದೆ' ಎಂದು. ಮೂರನೆಯವಳದು 'ಜಿಪಿಎ 3.8' ಎಂದು.

ಈ ಮೂರು ಉತ್ತರಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಹೊರಟಲ್ಲಿಯೇ ಪಾಲಕರ ಗೊಂದಲ ಆರಂಭವಾಗುತ್ತದೆ. ಯಾವುದು ಕಠಿಣ, ಯಾವುದು ಸುಲಭ ಎಂಬ ಚರ್ಚೆ ಮನೆಮನೆಗಳಲ್ಲಿ ನಡೆಯುತ್ತದೆ. ಆದರೆ ವಿಶ್ವವಿದ್ಯಾಲಯ ಪ್ರವೇಶದ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಬೇರೆ ಇವೆ. ಆಯಾ ಪದ್ಧತಿ ವಿದ್ಯಾರ್ಥಿಯಲ್ಲಿ ಏನನ್ನು ಅಳೆಯುತ್ತದೆ? ಯಾವ ವಯಸ್ಸಿನಲ್ಲಿ ಅಳೆಯುತ್ತದೆ? ಆ ಅಳತೆಯನ್ನು ಇನ್ನೊಂದು ದೇಶ ಒಪ್ಪುತ್ತದೆಯೇ? ಇವುಗಳಿಗೆ ಉತ್ತರ ತಿಳಿಯದೆ ಹದಿನಾರನೇ ವಯಸ್ಸಿನಲ್ಲಿ ಕೈಗೊಂಡ ವಿಷಯಗಳ ಆಯ್ಕೆ ಹದಿನೆಂಟನೇ ವಯಸ್ಸಿನಲ್ಲಿ ಒಂದು ವರ್ಷವನ್ನೇ ನುಂಗಿಹಾಕುವ ಸಾಧ್ಯತೆ ಇದೆ.

ಹಳೆಯ ನಂಟು

ಬ್ರಿಟಿಷ್ ಪರೀಕ್ಷಾ ಪದ್ಧತಿ ಈ ಕರಾವಳಿಗೆ ಹೊಸದೇನಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಅದಕ್ಕೂ ಐದು ವರ್ಷ ಮೊದಲು, 1857ರಲ್ಲಿ, ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿತ್ತು. ಹೀಗಾಗಿ ಕಾರವಾರ, ಅಂಕೋಲಾ ಭಾಗದ ವಿದ್ಯಾರ್ಥಿಗಳು ಕಾಲೇಜು ಸೇರಲು ದಾಟಬೇಕಾಗಿದ್ದುದು ಮುಂಬಯಿಯ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು. ಮೆಟ್ರಿಕ್ಯುಲೇಶನ್ ಎಂದರೆ ವಿಶ್ವವಿದ್ಯಾಲಯದ ಪಟ್ಟಿಗೆ ಹೆಸರು ಸೇರಿಸಿಕೊಳ್ಳುವುದು ಎಂದೇ ಅರ್ಥ. ಮಗುವಿಗೆ ಪಾಠ ಹೇಳಿದವರು ಒಬ್ಬರು, ಉತ್ತರ ಪತ್ರಿಕೆ ತಿದ್ದುವ ಅಪರಿಚಿತರು ಇನ್ನೊಬ್ಬರು. ಇದೇ ಆ ಪದ್ಧತಿಯ ತಿರುಳು.

1956ರಲ್ಲಿ ರಾಜ್ಯಗಳ ಪುನರ್‌ವಿಂಗಡಣೆಯಾಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮೆಟ್ರಿಕ್ ಹೋಗಿ ಎಸ್ಸೆಸ್ಸೆಲ್ಸಿ, ಪಿಯುಸಿ ನೆಲೆಯೂರಿದವು. ಆದರೂ ತಿರುಳು ಬದಲಾಗಲಿಲ್ಲ. ಇಂದಿಗೂ ಪಿಯುಸಿ ವಿದ್ಯಾರ್ಥಿಯ ಭವಿಷ್ಯವನ್ನು ನಿರ್ಧರಿಸುವುದು ಕಾಲೇಜಿನ ಉಪನ್ಯಾಸಕರಲ್ಲ, ಹೊರಗಿನ ಮಂಡಳಿ ನಡೆಸುವ ಅಂತಿಮ ಪರೀಕ್ಷೆ. ಐಸಿಎಸ್‌ಇ, ಐಎಸ್‌ಸಿ ಪರೀಕ್ಷೆಗಳನ್ನು ನಡೆಸುವ ಮಂಡಳಿಯಂತೂ 1958ರಲ್ಲಿ ರೂಪುಗೊಂಡದ್ದೇ ಕೇಂಬ್ರಿಜ್ ವಿಶ್ವವಿದ್ಯಾಲಯವು ಭಾರತದಲ್ಲಿ ನಡೆಸುತ್ತಿದ್ದ ಶಾಲಾ ಪ್ರಮಾಣಪತ್ರ ಪರೀಕ್ಷೆಯ ಬದಲಿಗೆ. ಆದ್ದರಿಂದಲೇ ಕನ್ನಡಿಗ ಪಾಲಕರಿಗೆ ಎ-ಲೆವೆಲ್ ಬೇಗ ಅರ್ಥವಾಗುತ್ತದೆ, ಅಮೆರಿಕದ ಪದ್ಧತಿ ವಿಚಿತ್ರವಾಗಿ ತೋರುತ್ತದೆ.

ಬ್ರಿಟನ್: ಮೂರು ವಿಷಯ, ಆಳವಾದ ಅಧ್ಯಯನ

ಇಂಗ್ಲೆಂಡಿನಲ್ಲಿ ಎ-ಲೆವೆಲ್ ಪದ್ಧತಿ 1951ರಲ್ಲಿ ಜಾರಿಗೆ ಬಂತು. ಅದರ ಕೆಳಗಿನ ಹಂತದಲ್ಲಿದ್ದ ಓ-ಲೆವೆಲ್ ಪರೀಕ್ಷೆಗೆ ಬದಲಾಗಿ 1988ರಿಂದ ಜಿಸಿಎಸ್‌ಇ ಪರೀಕ್ಷೆ ನಡೆಯುತ್ತಿದೆ. ಹದಿನಾರರ ವಯಸ್ಸಿನಲ್ಲಿ ಎಂಟು ಅಥವಾ ಒಂಬತ್ತು ವಿಷಯಗಳಲ್ಲಿ ಜಿಸಿಎಸ್‌ಇ ಬರೆಯುವ ವಿದ್ಯಾರ್ಥಿ ಅನಂತರದ ಎರಡು ವರ್ಷಗಳಿಗೆ ಸಾಮಾನ್ಯವಾಗಿ ಮೂರೇ ವಿಷಯಗಳನ್ನು ಆರಿಸಿಕೊಳ್ಳುತ್ತಾನೆ. ಇತರ ದೇಶಗಳ ಬ್ರಿಟಿಷ್ ಪಠ್ಯಕ್ರಮದ ಶಾಲೆಗಳಲ್ಲಿ ಜಿಸಿಎಸ್‌ಇ ಬದಲು ಅದರ ಅಂತರರಾಷ್ಟ್ರೀಯ ರೂಪವಾದ ಐಜಿಸಿಎಸ್‌ಇ ಬಳಕೆಯಲ್ಲಿದೆ.

ಎ-ಲೆವೆಲ್‌ನಲ್ಲಿ ಭಾಷೆ ಕಡ್ಡಾಯವಲ್ಲ, ವಿಜ್ಞಾನವೂ ಕಡ್ಡಾಯವಲ್ಲ. ಗಣಿತ, ಭೌತವಿಜ್ಞಾನ, ಅರ್ಥಶಾಸ್ತ್ರ ಎಂದು ಆರಿಸಿಕೊಳ್ಳಬಹುದು, ಇತಿಹಾಸ, ಸಾಹಿತ್ಯ, ರಸಾಯನವಿಜ್ಞಾನ ಎಂದೂ ಆರಿಸಿಕೊಳ್ಳಬಹುದು. ಇಂಗ್ಲೆಂಡಿನಲ್ಲಿ 2015ರಿಂದ ಹಂತಹಂತವಾಗಿ ಬಂದ ಸುಧಾರಣೆಯ ಬಳಿಕ ಎರಡು ವರ್ಷದ ಅಧ್ಯಯನಕ್ಕೆ ಕೊನೆಯಲ್ಲಿ ಒಮ್ಮೆಗೇ ಪರೀಕ್ಷೆ. ಫಲಿತಾಂಶ ಅಂಕಗಳಲ್ಲಲ್ಲ, 'ಎ ಸ್ಟಾರ್'ನಿಂದ 'ಇ'ವರೆಗಿನ ಶ್ರೇಣಿಗಳಲ್ಲಿ. 'ಎ ಸ್ಟಾರ್' ಸೇರಿದ್ದು 2010ರಲ್ಲಿ.

ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪ್ರವೇಶ ಬಹುಮಟ್ಟಿಗೆ ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ನಡೆಯುತ್ತದೆ. ಒಬ್ಬ ವಿದ್ಯಾರ್ಥಿ ಐದು ಆಯ್ಕೆಗಳನ್ನಷ್ಟೇ ಸಲ್ಲಿಸಬಹುದು. ಒಂದೇ ವರ್ಷ ಆಕ್ಸ್‌ಫರ್ಡ್ ಹಾಗೂ ಕೇಂಬ್ರಿಜ್ ಎರಡಕ್ಕೂ ಅರ್ಜಿ ಹಾಕುವಂತಿಲ್ಲ. ಇವೆರಡಕ್ಕೆ ಮತ್ತು ವೈದ್ಯಕೀಯಕ್ಕೆ ಅಕ್ಟೋಬರ್ ಮಧ್ಯದಲ್ಲಿಯೇ ಗಡುವು ಮುಗಿಯುತ್ತದೆ, ಉಳಿದವಕ್ಕೆ ಜನವರಿಯಲ್ಲಿ.

ಅರ್ಜಿ ಸಲ್ಲಿಸುವ ಹೊತ್ತಿಗೆ ಅಂತಿಮ ಪರೀಕ್ಷೆ ನಡೆದೇ ಇರುವುದಿಲ್ಲ. ಆದ್ದರಿಂದ ಶಾಲೆ ನೀಡುವ ಅಂದಾಜು ಶ್ರೇಣಿಯ ಆಧಾರದಲ್ಲಿ ವಿಶ್ವವಿದ್ಯಾಲಯವು 'ಎ, ಎ, ಬಿ ಬಂದರೆ ಸೀಟು ನಿನ್ನದು' ಎಂಬಂಥ ಷರತ್ತಿನ ಭರವಸೆ ನೀಡುತ್ತದೆ. ಆಗಸ್ಟ್ ಮಧ್ಯದಲ್ಲಿ ಫಲಿತಾಂಶ ಬಂದ ದಿನ ಷರತ್ತು ಪೂರೈಸಿದರೆ ಸೀಟು ಖಚಿತ, ಇಲ್ಲವಾದರೆ ಉಳಿದ ಸೀಟುಗಳಿಗಾಗಿ ಹುಡುಕಾಟ. ಅರ್ಜಿಯೊಂದಿಗೆ ಬರೆಯುವ ಸ್ವವಿವರಣೆಯಲ್ಲಿಯೂ ಕೇಳುವುದು ಮುಖ್ಯವಾಗಿ ಆರಿಸಿಕೊಂಡ ವಿಷಯದ ಬಗೆಗಿನ ಆಸಕ್ತಿ, ಸಿದ್ಧತೆಗಳನ್ನು. ವಿದ್ಯಾರ್ಥಿ ಸೇರುವುದು ಕಾಲೇಜಿಗೆ ಎನ್ನುವುದಕ್ಕಿಂತ ಒಂದು ನಿರ್ದಿಷ್ಟ ವಿಷಯಕ್ಕೆ. ಶಾಲೆಯಲ್ಲಿಯೇ ಇಷ್ಟು ಆಳಕ್ಕೆ ಇಳಿದಿರುವುದರಿಂದ ಇಂಗ್ಲೆಂಡಿನಲ್ಲಿ ಹೆಚ್ಚಿನ ಪದವಿಗಳು ಮೂರೇ ವರ್ಷದಲ್ಲಿ ಮುಗಿಯುತ್ತವೆ.

ಅಮೆರಿಕ: ನಾಲ್ಕು ವರ್ಷಗಳ ದಾಖಲೆ

ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಶಾಲಾ ಅಂತಿಮ ಪರೀಕ್ಷೆಯೇ ಇಲ್ಲ. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನ ನಾಲ್ಕು ವರ್ಷ ಹೈಸ್ಕೂಲ್. ಆಯಾ ರಾಜ್ಯ ಮತ್ತು ಶಾಲಾ ಜಿಲ್ಲೆ ನಿಗದಿಪಡಿಸಿದಷ್ಟು ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಷಯಗಳನ್ನು ಪೂರೈಸಿದವರಿಗೆ ಶಾಲೆಯೇ ಡಿಪ್ಲೊಮಾ ನೀಡುತ್ತದೆ. ನಮ್ಮಲ್ಲಿ ಡಿಪ್ಲೊಮಾ ಎಂದರೆ ಪಾಲಿಟೆಕ್ನಿಕ್ ನೆನಪಾಗುತ್ತದೆ. ಅಲ್ಲಿ ಅದು ಶಾಲಾ ಶಿಕ್ಷಣ ಮುಗಿಸಿದ್ದಕ್ಕೆ ಕೊಡುವ ಪ್ರಮಾಣಪತ್ರ.

ಡಿಪ್ಲೊಮಾ ಒಂದರಿಂದಲೇ ಒಳ್ಳೆಯ ವಿಶ್ವವಿದ್ಯಾಲಯದ ಬಾಗಿಲು ತೆರೆಯುವುದಿಲ್ಲ. ಪ್ರವೇಶ ಅಧಿಕಾರಿಗಳು ಮೊದಲು ನೋಡುವುದು ನಾಲ್ಕು ವರ್ಷಗಳ ಅಂಕಪಟ್ಟಿಯನ್ನು. ಪ್ರತಿ ವಿಷಯದಲ್ಲಿ ವರ್ಷವಿಡೀ ಮಾಡಿದ ಮನೆಗೆಲಸ, ಕಿರುಪರೀಕ್ಷೆ, ಪ್ರಯೋಗ, ಪ್ರಬಂಧ ಎಲ್ಲವೂ ಸೇರಿ ಶಿಕ್ಷಕರು ಶ್ರೇಣಿ ನೀಡುತ್ತಾರೆ. ಇವುಗಳ ಸರಾಸರಿಯೇ ಜಿಪಿಎ. ಸಾಮಾನ್ಯವಾಗಿ ಇದರ ಗರಿಷ್ಠ ಪ್ರಮಾಣ 4. ಆದರೆ ಕಠಿಣ ವಿಷಯಗಳಿಗೆ ಹೆಚ್ಚುವರಿ ತೂಕ ಕೊಡುವ ಶಾಲೆಗಳಲ್ಲಿ ಅದು 4ನ್ನು ದಾಟುವುದೂ ಉಂಟು. ಶಾಲೆಯಿಂದ ಶಾಲೆಗೆ ಮಟ್ಟ ಬೇರೆಯಾಗುವುದರಿಂದ ಸಮಾನ ಅಳತೆಗೋಲಿನ ಅಗತ್ಯ ಅಲ್ಲಿಯೂ ಕಂಡುಬಂತು. 1926ರಲ್ಲಿ ಸ್ಯಾಟ್, 1959ರಲ್ಲಿ ಎಸಿಟಿ ಪರೀಕ್ಷೆಗಳು ಆರಂಭವಾದವು. ಸ್ಯಾಟ್‌ನ ಗರಿಷ್ಠ ಅಂಕ 1600. ಓದು, ಬರವಣಿಗೆ ಮತ್ತು ಗಣಿತದ ಸಾಮರ್ಥ್ಯವನ್ನು ಅದು ಅಳೆಯುತ್ತದೆಯೇ ಹೊರತು ಭೌತವಿಜ್ಞಾನ, ರಸಾಯನವಿಜ್ಞಾನಗಳನ್ನಲ್ಲ. ವಿಷಯವಾರು ಸ್ಯಾಟ್ ಪರೀಕ್ಷೆಗಳು 2021ರಲ್ಲಿಯೇ ನಿಂತುಹೋಗಿವೆ.

ಕೋವಿಡ್ ಕಾಲದಲ್ಲಿ ಅನೇಕ ವಿಶ್ವವಿದ್ಯಾಲಯಗಳು ಸ್ಯಾಟ್ ಕಡ್ಡಾಯವನ್ನು ಕೈಬಿಟ್ಟವು. ಎಂಐಟಿ 2022ರಲ್ಲಿ ಅದನ್ನು ಮರಳಿ ತಂದಿತು. ಹಾರ್ವರ್ಡ್, ಯೇಲ್, ಡಾರ್ಟ್‌ಮತ್, ಬ್ರೌನ್ ವಿಶ್ವವಿದ್ಯಾಲಯಗಳು 2024ರಲ್ಲಿ ಪ್ರವೇಶ ಪರೀಕ್ಷೆಯ ಅಂಕಗಳನ್ನು ಮತ್ತೆ ಕೇಳುವುದಾಗಿ ಪ್ರಕಟಿಸಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮಾತ್ರ ಪ್ರವೇಶ ನಿರ್ಧಾರದಲ್ಲಿ ಸ್ಯಾಟ್ ಅಂಕವನ್ನು ನೋಡುವುದೇ ಇಲ್ಲ. ಹೀಗೆ ಒಂದೇ ದೇಶದಲ್ಲಿ ಮೂರು ಬಗೆಯ ನೀತಿಗಳಿವೆ.

ಎ-ಲೆವೆಲ್‌ಗೆ ಹತ್ತಿರ ಬರುವುದು ಅಮೆರಿಕದ ಎಪಿ ಪರೀಕ್ಷೆ. 1950ರ ದಶಕದ ಮಧ್ಯಭಾಗದಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಹೈಸ್ಕೂಲ್ ವಿದ್ಯಾರ್ಥಿಗಳು ಕಾಲೇಜಿನ ಮೊದಲ ವರ್ಷದ ಮಟ್ಟದ ವಿಷಯವನ್ನು ಓದಿ ಮೇ ತಿಂಗಳಲ್ಲಿ ಹೊರಗಿನ ಪರೀಕ್ಷೆ ಬರೆಯುತ್ತಾರೆ. ಅಂಕ 1ರಿಂದ 5. ಇದು ಕಡ್ಡಾಯವಲ್ಲ, ಎಲ್ಲ ಶಾಲೆಗಳಲ್ಲಿಯೂ ಎಲ್ಲ ವಿಷಯಗಳು ಸಿಗುವುದಿಲ್ಲ. ಆದರೆ ಹೊರದೇಶದಲ್ಲಿ ಓದುವ ಯೋಚನೆ ಇರುವವರಿಗೆ ಇದರ ಮಹತ್ವ ದೊಡ್ಡದು.

ಇವುಗಳ ಜೊತೆಗೆ ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರ, ಕ್ರೀಡೆ, ಸಂಗೀತ, ಸಮಾಜಸೇವೆ, ಮನೆಯ ಜವಾಬ್ದಾರಿಗಳು ಹೀಗೆ ತರಗತಿಯ ಹೊರಗಿನ ಬದುಕೂ ಪರಿಗಣನೆಗೆ ಬರುತ್ತದೆ. 'ಕಾಮನ್ ಆ್ಯಪ್' ಎಂಬ ಸಮಾನ ಅರ್ಜಿಯ ಮೂಲಕ 20 ಸಂಸ್ಥೆಗಳಿಗೆ ಅರ್ಜಿ ಹಾಕಬಹುದು. ಹೆಚ್ಚಿನೆಡೆ ಓದುವ ವಿಷಯವನ್ನು ಮೊದಲೇ ನಿರ್ಧರಿಸಬೇಕಾಗಿಲ್ಲ, ಒಂದೆರಡು ವರ್ಷ ಓದಿದ ಮೇಲೆ ಆರಿಸಿಕೊಳ್ಳಬಹುದು. ಹೀಗಾಗಿಯೇ ಪದವಿಗೆ ನಾಲ್ಕು ವರ್ಷ. ವೈದ್ಯಕೀಯ, ಕಾನೂನು ಶಿಕ್ಷಣ ಅಲ್ಲಿ ಸಾಮಾನ್ಯವಾಗಿ ಪದವಿಯ ನಂತರದ ಮಾತು. ಬ್ರಿಟನ್ ಮತ್ತು ಭಾರತದಲ್ಲಿ ಅವು ಶಾಲೆಯ ಬೆನ್ನಿಗೇ ಆರಂಭವಾಗುತ್ತವೆ.

ಎರಡಕ್ಕೂ ಇರುವ ದೋಷ

ಯಾವ ಪದ್ಧತಿಯೂ ನಿರ್ದೋಷಿಯಲ್ಲ ಎಂಬುದನ್ನು ಇತ್ತೀಚಿನ ವರ್ಷಗಳೇ ತೋರಿಸಿಕೊಟ್ಟಿವೆ. 2020ರಲ್ಲಿ ಕೋವಿಡ್ ಕಾರಣದಿಂದ ಇಂಗ್ಲೆಂಡಿನಲ್ಲಿ ಎ-ಲೆವೆಲ್ ಪರೀಕ್ಷೆ ರದ್ದಾಯಿತು. ಶಿಕ್ಷಕರು ನೀಡಿದ ಅಂದಾಜನ್ನು ಕಂಪ್ಯೂಟರ್ ಸೂತ್ರವೊಂದರ ಮೂಲಕ ಪರಿಷ್ಕರಿಸಿ ಆಗಸ್ಟ್ 13ರಂದು ಫಲಿತಾಂಶ ನೀಡಲಾಯಿತು. ಶಾಲೆಯ ಹಿಂದಿನ ವರ್ಷಗಳ ಸಾಧನೆಯನ್ನೂ ಆ ಸೂತ್ರ ಲೆಕ್ಕಕ್ಕೆ ಹಿಡಿದಿತ್ತು. ಪರಿಣಾಮವಾಗಿ ಸುಮಾರು ಶೇ 40ರಷ್ಟು ಶ್ರೇಣಿಗಳು ಶಿಕ್ಷಕರ ಅಂದಾಜಿಗಿಂತ ಕೆಳಗಿಳಿದವು. ವಿದ್ಯಾರ್ಥಿಗಳು ಬೀದಿಗಿಳಿದರು. ನಾಲ್ಕೇ ದಿನಗಳಲ್ಲಿ ಸರ್ಕಾರ ಆ ಸೂತ್ರವನ್ನು ಕೈಬಿಟ್ಟು ಶಿಕ್ಷಕರ ಅಂದಾಜನ್ನೇ ಒಪ್ಪಿಕೊಳ್ಳಬೇಕಾಯಿತು. ಒಂದೇ ಅಂತಿಮ ಪರೀಕ್ಷೆಯನ್ನು ನೆಚ್ಚಿದ ವ್ಯವಸ್ಥೆ, ಆ ಪರೀಕ್ಷೆ ಇಲ್ಲವಾದಾಗ ಹೇಗೆ ತತ್ತರಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

ಕರ್ನಾಟಕಕ್ಕೆ ಮರುವರ್ಷವೇ ಅದೇ ಅನುಭವವಾಯಿತು. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾದಾಗ ಎಸ್ಸೆಸ್ಸೆಲ್ಸಿಗೆ ಶೇ 45, ಪ್ರಥಮ ಪಿಯುಸಿಗೆ ಶೇ 45, ಆಂತರಿಕ ಮೌಲ್ಯಮಾಪನಕ್ಕೆ ಶೇ 10 ತೂಕ ನೀಡಿ ಫಲಿತಾಂಶ ಸಿದ್ಧಪಡಿಸಲಾಯಿತು. ಆ ವರ್ಷದ ಸಿಇಟಿ ರ್‍ಯಾಂಕಿಗೆ ಪಿಯುಸಿ ಅಂಕ ಸೇರಿಸಲಿಲ್ಲ. 2022ರಲ್ಲಿ ಅದೇ ವಿದ್ಯಾರ್ಥಿಗಳು ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕಗಳನ್ನು ಪರಿಗಣಿಸಲು ಪರೀಕ್ಷಾ ಪ್ರಾಧಿಕಾರ ನಿರಾಕರಿಸಿತು. ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ ಆ ನಿರ್ಧಾರವನ್ನು ರದ್ದುಪಡಿಸಿತು. ಎರಡೂ ಕಡೆಯವರಿಗೆ ಅನ್ಯಾಯವಾಗದಂತೆ ಅಂಕ ಹೊಂದಾಣಿಕೆಯ ಸೂತ್ರವೊಂದಕ್ಕೆ ಅನಂತರ ವಿಭಾಗೀಯ ಪೀಠದಲ್ಲಿ ಒಪ್ಪಿಗೆ ದೊರೆಯಿತು.

ಅಮೆರಿಕದ ದೌರ್ಬಲ್ಯ ಬೇರೆಯ ಬಗೆಯದು. ವಿದ್ಯಾರ್ಥಿಯ ಇಡೀ ವ್ಯಕ್ತಿತ್ವವನ್ನು ನೋಡುತ್ತೇವೆ ಎನ್ನುವಾಗ ಅಲ್ಲಿ ಹಣ, ಪ್ರಭಾವ ನುಸುಳಲು ದಾರಿಗಳೂ ಹೆಚ್ಚು. ಶ್ರೀಮಂತ ಪಾಲಕರು ಮಧ್ಯವರ್ತಿಯೊಬ್ಬನ ಮೂಲಕ ಮಕ್ಕಳನ್ನು ಸುಳ್ಳೇ ಕ್ರೀಡಾಪಟುಗಳೆಂದು ಬಿಂಬಿಸಿ, ಪರೀಕ್ಷೆಯಲ್ಲಿ ವಂಚಿಸಿ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಸೀಟು ಗಿಟ್ಟಿಸಿದ ಹಗರಣ 2019ರ ಮಾರ್ಚ್‌ನಲ್ಲಿ ಬಯಲಾಗಿತ್ತು.

ಪಿಯುಸಿ ವಿದ್ಯಾರ್ಥಿ ಹೊರಗೆ ಹೋಗುವಾಗ

ಮತ್ತೆ ಶಿರವಾಡದ ಆ ಮನೆಗೆ ಮರಳೋಣ. ಪಿಯುಸಿ ಓದುತ್ತಿರುವ ಹುಡುಗಿ ಹೊರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬಯಸಿದಳೆಂದು ಇಟ್ಟುಕೊಳ್ಳೋಣ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕಗಳ ಆಕೆಯ ಪ್ರಮಾಣಪತ್ರವನ್ನು ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳು ಹನ್ನೆರಡನೇ ತರಗತಿಯ ಅರ್ಹತೆಯೆಂದು ನೇರವಾಗಿ ಸ್ವೀಕರಿಸುತ್ತವೆ. ಆದರೆ ಸಿಬಿಎಸ್‌ಇ, ಐಎಸ್‌ಸಿ ವಿದ್ಯಾರ್ಥಿಗಳಿಗೆ ಕೇಳುವುದಕ್ಕಿಂತ ಹೆಚ್ಚಿನ ಶೇಕಡಾವಾರು ಅಂಕವನ್ನು ರಾಜ್ಯ ಮಂಡಳಿಗಳ ವಿದ್ಯಾರ್ಥಿಗಳಿಗೆ ಕೇಳುವ ಸಂಸ್ಥೆಗಳೂ ಇವೆ. ಒಂದೇ ಊರಿನ ಪಿಯು ಕಾಲೇಜಿನ ವಿದ್ಯಾರ್ಥಿನಿಗೂ ಕೈಗಾ ವಸತಿ ಪ್ರದೇಶದ ಸಿಬಿಎಸ್‌ಇ ಶಾಲೆಯ ವಿದ್ಯಾರ್ಥಿಗೂ ಒಂದೇ ವಿಶ್ವವಿದ್ಯಾಲಯ ಬೇರೆ ಬೇರೆ ಗೆರೆ ಎಳೆಯಬಹುದು. ಆಯಾ ವಿಶ್ವವಿದ್ಯಾಲಯದ ಭಾರತೀಯ ವಿದ್ಯಾರ್ಥಿಗಳ ಪುಟವನ್ನು ಓದದೆ ಅರ್ಜಿ ಶುಲ್ಕ ಕಟ್ಟುವುದು ವ್ಯರ್ಥ.

ಇಲ್ಲಿ ಬಹಳಷ್ಟು ಕುಟುಂಬಗಳು ಎಡವುವುದು ಪ್ರಥಮ ಪಿಯುಸಿಯ ವಿಷಯದಲ್ಲಿ. ಎಸ್ಸೆಸ್ಸೆಲ್ಸಿ ಮುಗಿದ ದಣಿವು, ಮುಂದೆ ದ್ವಿತೀಯ ಪಿಯುಸಿಯ ಒತ್ತಡ. ಇವೆರಡರ ನಡುವಿನ ಪ್ರಥಮ ಪಿಯುಸಿಯನ್ನು 'ಪಾಸಾದರೆ ಸಾಕು' ಎಂದು ಕಾಣುವ ರೂಢಿ ನಮ್ಮಲ್ಲಿದೆ. ಸಿಇಟಿಗೆ ಅದರ ಅಂಕ ಲೆಕ್ಕವಿಲ್ಲ ಎಂಬುದು ನಿಜ. ಆದರೆ ಅಮೆರಿಕದ ವಿಶ್ವವಿದ್ಯಾಲಯ ಕೇಳುವುದು ಒಂಬತ್ತನೇ ತರಗತಿಯಿಂದ ಆರಂಭಿಸಿ ನಾಲ್ಕೂ ವರ್ಷಗಳ ಅಂಕಪಟ್ಟಿ. ಬ್ರಿಟನ್ನಿಗೆ ಅಂದಾಜು ಅಂಕ ನೀಡಬೇಕಾದ ಪ್ರಾಚಾರ್ಯರ ಮುಂದೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಇರುವ ದೊಡ್ಡ ಆಧಾರವೂ ಪ್ರಥಮ ಪಿಯುಸಿ ಫಲಿತಾಂಶವೇ. ರಾಜ್ಯದಲ್ಲಿ ಯಾರೂ ಕೇಳದ ಆ ಅಂಕಪಟ್ಟಿ ಹೊರದೇಶದ ಮೇಜಿನ ಮೇಲೆ ಮೊದಲು ಬಂದು ಕೂರುತ್ತದೆ.

ಖರ್ಚಿನ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಬ್ರಿಟನ್ನಿನಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಸ್ಥಳೀಯರಿಗಿಂತ ಹೆಚ್ಚಿನ ಶುಲ್ಕ, ಪದವಿ ಹಂತದಲ್ಲಿ ವಿದ್ಯಾರ್ಥಿವೇತನ ವಿರಳ. ಅಮೆರಿಕದ ಖಾಸಗಿ ವಿಶ್ವವಿದ್ಯಾಲಯಗಳ ಘೋಷಿತ ಶುಲ್ಕ ಇನ್ನೂ ದುಬಾರಿ. ಆದರೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವೇ ಸಂಸ್ಥೆಗಳು ಹೊರದೇಶದವರ ವಿಷಯದಲ್ಲಿಯೂ ಕುಟುಂಬದ ಆದಾಯ ನೋಡದೆ ಪ್ರವೇಶ ನಿರ್ಧರಿಸಿ, ಅಗತ್ಯವಿರುವಷ್ಟು ನೆರವು ನೀಡುತ್ತವೆ. ಅಲ್ಲಿ ಸೀಟು ಸಿಗುವುದು ಮಾತ್ರ ಅತಿ ಕಷ್ಟ.

ಹೊರಗಿನ ಅರ್ಹತೆ ಒಳಗೆ ಬರುವಾಗ

ಹೆಚ್ಚಿನ ತೊಡಕು ಇರುವುದು ತಿರುಗು ಪ್ರಯಾಣದಲ್ಲಿ. ಪಾಲಕರ ಕೆಲಸ ಹೋಗಬಹುದು, ವರ್ಗವಾಗಬಹುದು, ಅಜ್ಜ-ಅಜ್ಜಿಯರ ಆರೋಗ್ಯ ಕೆಡಬಹುದು. ಊರಿಗೆ ಮರಳಿ ಕರ್ನಾಟಕದಲ್ಲಿಯೇ ಎಂಜಿನಿಯರಿಂಗ್ ಅಥವಾ ವೈದ್ಯಕೀಯ ಓದಿಸಬೇಕೆಂಬ ನಿರ್ಧಾರ ಎಷ್ಟೋ ಸಲ ಕೊನೆಯ ಗಳಿಗೆಯದು.

ದುಬೈಯ ಹುಡುಗನ ಎ-ಲೆವೆಲ್‌ಗೆ ಭಾರತದಲ್ಲಿ ಮಾನ್ಯತೆ ಇದೆ. ಐಐಟಿ, ಎನ್ಐಟಿಗಳ ಪ್ರವೇಶ ಪರೀಕ್ಷೆಯಾದ ಜೆಇಇ ಕೂಡ ಅದನ್ನು ಅರ್ಹತಾ ಪರೀಕ್ಷೆಗಳ ಪಟ್ಟಿಯಲ್ಲಿ ಸೇರಿಸಿದೆ. ತೊಡಕು ವಿಷಯಗಳದ್ದು. ಆತ ಗಣಿತ, ಭೌತವಿಜ್ಞಾನ, ಅರ್ಥಶಾಸ್ತ್ರ ಆರಿಸಿಕೊಂಡಿದ್ದರೆ ಬ್ರಿಟನ್ನಿನ ಹಲವು ಎಂಜಿನಿಯರಿಂಗ್ ಕೋರ್ಸುಗಳಿಗೆ ಅದು ಸಾಕಾಗಬಹುದು. ಭಾರತದಲ್ಲಿ ಬಹುತೇಕ ಕಡೆ ರಸಾಯನವಿಜ್ಞಾನ ಅಥವಾ ಅದಕ್ಕೆ ಪರ್ಯಾಯವಾಗಿ ಸೂಚಿಸಿದ ವಿಷಯದ ಪ್ರಶ್ನೆ ಏಳುತ್ತದೆ. ವೈದ್ಯಕೀಯಕ್ಕಂತೂ ನೀಟ್ ಬರೆಯಲು ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಮೂರರ ಜೊತೆ ಇಂಗ್ಲಿಷ್ ಸಹ ಬೇಕು. ಹನ್ನೆರಡನೇ ತರಗತಿ ಮುಗಿದ ಬಳಿಕ ಜೀವವಿಜ್ಞಾನವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರಿಗೂ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಅವಕಾಶ ನೀಡಿದೆ. ಆದರೂ ಅದಕ್ಕೆ ಸಮಯ ಬೇಕು, ಬಿಟ್ಟ ವಿಷಯವನ್ನು ಮೊದಲಿನಿಂದ ಓದಬೇಕು.

ಇನ್ನೊಂದು ತೊಡಕು ದಿನಾಂಕದ್ದು. ಮೇ, ಜೂನ್‌ನಲ್ಲಿ ಬರೆದ ಎ-ಲೆವೆಲ್‌ಗೆ ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಭಾರತದ ಹಲವು ಕಾಲೇಜುಗಳಲ್ಲಿ ಸೀಟು ಹಂಚಿಕೆ ಬಹಳ ಮುಂದೆ ಸಾಗಿರುತ್ತದೆ. ಇದನ್ನು ಅರಿತೇ ಕೇಂಬ್ರಿಜ್ ಮಂಡಳಿ ಭಾರತದಲ್ಲಿರುವ ತನ್ನ ಶಾಲೆಗಳಿಗೆ ಮಾರ್ಚ್ ತಿಂಗಳಲ್ಲಿಯೂ ಪರೀಕ್ಷೆ ನಡೆಸುತ್ತದೆ. ಪರದೇಶದಲ್ಲಿ ಓದುವವರು ಮಾತ್ರ ಈ ಅಂತರವನ್ನು ಮೊದಲೇ ಲೆಕ್ಕಹಾಕಬೇಕು.

ನ್ಯೂಜೆರ್ಸಿಯ ಹುಡುಗಿಯ ಸಮಸ್ಯೆ ಇನ್ನೂ ಸೂಕ್ಷ್ಮ. ಅಮೆರಿಕದ ಅನೇಕ ಹೈಸ್ಕೂಲುಗಳಲ್ಲಿ ವಿಜ್ಞಾನವನ್ನು ವರ್ಷಕ್ಕೊಂದರಂತೆ ಕಲಿಸುತ್ತಾರೆ. ಒಂದು ವರ್ಷ ಜೀವವಿಜ್ಞಾನ, ಮರುವರ್ಷ ರಸಾಯನವಿಜ್ಞಾನ, ಅದರ ಮರುವರ್ಷ ಭೌತವಿಜ್ಞಾನ. ಜಿಪಿಎ ಎಷ್ಟೇ ಚೆನ್ನಾಗಿದ್ದರೂ 'ಹನ್ನೊಂದು ಮತ್ತು ಹನ್ನೆರಡನೇ ತರಗತಿಗಳಲ್ಲಿ ಈ ಮೂರನ್ನೂ ಓದಿದ್ದೀಯಾ?' ಎಂದು ಭಾರತದ ಕಾಲೇಜು ಕೇಳಿದಾಗ ಆಕೆಯ ಅಂಕಪಟ್ಟಿ ಉತ್ತರಿಸಲಾರದು. ಬ್ರಿಟನ್ ಕೂಡ ಡಿಪ್ಲೊಮಾ ಒಂದನ್ನೇ ಸಾಮಾನ್ಯವಾಗಿ ಎ-ಲೆವೆಲ್‌ಗೆ ಸಮನೆಂದು ಒಪ್ಪುವುದಿಲ್ಲ. ಹೆಸರಾಂತ ವಿಶ್ವವಿದ್ಯಾಲಯಗಳು ಮೂರು ಅಥವಾ ಹೆಚ್ಚು ಎಪಿ ವಿಷಯಗಳಲ್ಲಿ 4, 5ರಂಥ ಅಂಕಗಳನ್ನು ಕೇಳುತ್ತವೆ. ಎರಡೂ ಕಡೆಗೆ ಪರಿಹಾರ ಒಂದೇ: ಬೇಕಾದ ವಿಷಯಗಳಲ್ಲಿ ಎಪಿ ಓದುವುದು, ಅದನ್ನು ಹತ್ತನೇ ತರಗತಿಯಲ್ಲಿರುವಾಗಲೇ ಯೋಜಿಸುವುದು. ಇದಕ್ಕೆ ವಿರುದ್ಧವಾಗಿ, ಎ-ಲೆವೆಲ್ ಮುಗಿಸಿ ಅಮೆರಿಕಕ್ಕೆ ಹೋಗುವವರಿಗೆ ಲಾಭವೇ ಹೆಚ್ಚು. ಉತ್ತಮ ಶ್ರೇಣಿಗಳಿಗೆ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಮೊದಲ ವರ್ಷದ ಕೆಲವು ಪಾಠಗಳಿಂದ ವಿನಾಯಿತಿ ನೀಡುತ್ತವೆ.

ಹೊರಗಿನ ಪ್ರಮಾಣಪತ್ರ ನಮ್ಮ ಹನ್ನೆರಡನೇ ತರಗತಿಗೆ ಸಮನೆಂದು ಹೇಳುವ ತತ್ಸಮಾನ ಪತ್ರವೂ ಬೇಕಾಗುತ್ತದೆ. ದೀರ್ಘಕಾಲದಿಂದ ಇದನ್ನು ನೀಡುತ್ತಿದ್ದುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 2025ರ ಏಪ್ರಿಲ್‌ನಲ್ಲಿ ಯುಜಿಸಿ ವಿದೇಶಿ ಅರ್ಹತೆಗಳ ತತ್ಸಮಾನತೆ ಕುರಿತು ತನ್ನದೇ ನಿಯಮಾವಳಿ ಪ್ರಕಟಿಸಿದ್ದು, ಕನಿಷ್ಠ 12 ವರ್ಷಗಳ ಶಾಲಾ ಶಿಕ್ಷಣ ಪಡೆದಿರುವುದನ್ನು ಶಾಲಾ ಅರ್ಹತೆಗಳಿಗೆ ಮಾನದಂಡವಾಗಿಸಿದೆ. ಆಯಾ ವರ್ಷದ ಪ್ರವೇಶ ಕೈಪಿಡಿ ಯಾವ ಸಂಸ್ಥೆಯ ಪತ್ರ ಕೇಳುತ್ತದೆ ಎಂಬುದನ್ನು ನೋಡಿಯೇ ಅರ್ಜಿ ಸಲ್ಲಿಸುವುದು ಕ್ಷೇಮ.

ಸಿಇಟಿಯ ಏಳು ವರ್ಷ

ಎಲ್ಲಕ್ಕಿಂತ ಮಿಗಿಲಾಗಿ ಪರದೇಶದ ಕನ್ನಡಿಗರು ನೆನಪಿಡಬೇಕಾದದ್ದು ವಾಸ್ತವ್ಯದ ನಿಯಮ. ಸಿಇಟಿ ಮೂಲಕ ಸರ್ಕಾರಿ ಕೋಟಾದ ಎಂಜಿನಿಯರಿಂಗ್ ಸೀಟು ಪಡೆಯಲು ಸಾಮಾನ್ಯ ನಿಯಮದಂತೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಮಟ್ಟದ ಪರೀಕ್ಷೆಯನ್ನು ರಾಜ್ಯದಲ್ಲಿಯೇ ಪಾಸು ಮಾಡಿರಬೇಕು. ಸೇನೆ, ಕೇಂದ್ರ ಸರ್ಕಾರಿ ಸೇವೆಯಲ್ಲಿರುವವರ ಮಕ್ಕಳೇ ಮೊದಲಾದವರಿಗೆ ಪ್ರತ್ಯೇಕ ಕಲಮುಗಳಿವೆ. ಕಾರವಾರದ ನೌಕಾನೆಲೆ ಮತ್ತು ಕೈಗಾ ಅಣುಸ್ಥಾವರದ ಸಿಬ್ಬಂದಿ ಅವುಗಳನ್ನು ಓದಿಕೊಳ್ಳುವುದು ಒಳಿತು. ಆದರೆ ಬಾಲ್ಯದಿಂದ ದುಬೈ ಅಥವಾ ನ್ಯೂಜೆರ್ಸಿಯಲ್ಲಿ ಓದಿದ ಮಗುವಿಗೆ, ಮನೆಮಾತು ಕನ್ನಡವೇ ಆಗಿರಲಿ ಕೊಂಕಣಿಯೇ ಆಗಿರಲಿ, ಈ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಅಂಥವರಿಗೆ ಉಳಿಯುವುದು ಕಾಮೆಡ್-ಕೆ, ಖಾಸಗಿ ವಿಶ್ವವಿದ್ಯಾಲಯಗಳು, ಅನಿವಾಸಿ ಭಾರತೀಯರ ಕೋಟಾದಂಥ ಹೆಚ್ಚು ಖರ್ಚಿನ ದಾರಿಗಳು.

ಆಯ್ಕೆಗೆ ಮುನ್ನ

ಇಷ್ಟನ್ನೂ ಗಮನದಲ್ಲಿಟ್ಟು ಹತ್ತನೇ ತರಗತಿಯ ಹಂತದಲ್ಲಿಯೇ ಪಾಲಕರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೀಗಿವೆ:

* ಮಗು ಪದವಿ ಓದುವ ಸಾಧ್ಯತೆ ಹೆಚ್ಚಿರುವುದು ಯಾವ ದೇಶದಲ್ಲಿ? ಎರಡನೇ ಸಾಧ್ಯತೆ ಯಾವುದು? ವಿಷಯಗಳ ಆಯ್ಕೆ ಎರಡಕ್ಕೂ ಹೊಂದುತ್ತದೆಯೇ?

* ಎ-ಲೆವೆಲ್ ಆದರೆ, ಭಾರತಕ್ಕೆ ಮರಳಿದರೂ ಬೇಕಾಗುವ ಮೂರು ವಿಷಯಗಳು ಇವೆಯೇ? ಜಿಸಿಎಸ್‌ಇ ಅಥವಾ ಐಜಿಸಿಎಸ್‌ಇ ಹಂತದಲ್ಲಿ ಇಂಗ್ಲಿಷ್ ಸೇರಿದಂತೆ ಕನಿಷ್ಠ ಐದು ವಿಷಯ ಪಾಸಾಗಿವೆಯೇ?

* ಅಮೆರಿಕದ ಡಿಪ್ಲೊಮಾ ಆದರೆ, ಶಾಲೆಗೆ ಅಲ್ಲಿನ ಮಾನ್ಯತೆ ಇದೆಯೇ? ಎಪಿ ವಿಷಯಗಳು ಲಭ್ಯವೇ?

* ಪಿಯುಸಿ ಆದರೆ, ಒಂಬತ್ತನೇ ತರಗತಿ ಮತ್ತು ಪ್ರಥಮ ಪಿಯುಸಿಯ ಅಂಕಪಟ್ಟಿಗಳನ್ನು ಜೋಪಾನವಾಗಿ ಇಟ್ಟಿದ್ದೀರಾ? ಶಿಫಾರಸು ಪತ್ರ ಬರೆದುಕೊಡಬಲ್ಲ ಉಪನ್ಯಾಸಕರಿಗೆ ಮಗುವಿನ ಪರಿಚಯವಿದೆಯೇ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಬ್ರಿಟಿಷ್ ಪದ್ಧತಿ 'ಆರಿಸಿಕೊಂಡ ವಿಷಯದಲ್ಲಿ ಎಷ್ಟು ಆಳ?' ಎಂದು ಕೇಳುತ್ತದೆ. ಅಮೆರಿಕದ್ದು 'ನಾಲ್ಕು ವರ್ಷ ಏನೇನು ಮಾಡಿದೆ?' ಎಂದು ಕೇಳುತ್ತದೆ. ನಮ್ಮದು 'ಈ ವರ್ಷದ ಪರೀಕ್ಷೆಯಲ್ಲಿ ಎಷ್ಟು ಅಂಕ?' ಎಂದು ಕೇಳುತ್ತದೆ. ಬ್ರಿಟಿಷ್ ದಾರಿ ಬೇಗ ಕವಲೊಡೆಯುತ್ತದೆ, ಹದಿನಾರರಲ್ಲಿ ಬಿಟ್ಟ ವಿಷಯ ಮತ್ತೆ ಸಿಗುವುದು ಕಷ್ಟ. ಅಮೆರಿಕದ ದಾರಿ ತಡವಾಗಿ ಕವಲೊಡೆಯುತ್ತದೆ, ಆದರೆ ಆ ಸಡಿಲಿಕೆಯನ್ನು ಬೇರೆ ದೇಶಗಳು ಕ್ಷಮಿಸುವುದಿಲ್ಲ. ಮಕ್ಕಳ ಜಾಣತನದಲ್ಲಿ ಕೊರತೆ ಇರಲಿಕ್ಕಿಲ್ಲ, ಅವರು ಕೂಡಿಟ್ಟ ಅರ್ಹತೆ ಮತ್ತು ಮುಂದಿರುವ ಬಾಗಿಲು ಹೊಂದದೇ ಹೋಗಬಹುದು.

ಶಿರವಾಡದ ಅಜ್ಜ ಮುಂದಿನ ರಜೆಯಲ್ಲಿ 'ಎಷ್ಟು ಪರ್ಸೆಂಟ್?' ಎಂದು ಕೇಳುವ ಬದಲು 'ಯಾವ ವಿಷಯ ತೆಗೆದುಕೊಂಡಿದ್ದೀಯ, ಎಲ್ಲಿ ಓದುವುದಕ್ಕೆ?' ಎಂದು ಕೇಳಿದರೆ ಮೂವರೂ ಮೊಮ್ಮಕ್ಕಳು ಉತ್ತರಿಸಬಲ್ಲರು. ಉತ್ತರ ಹೊಳೆಯದಿದ್ದರೆ, ಅದನ್ನು ಸರಿಪಡಿಸಿಕೊಳ್ಳಲು ಇನ್ನೂ ಸಮಯವಿರುವಾಗಲೇ ಗೊತ್ತಾದಂತಾಗುತ್ತದೆ.